ಚದುರಂಗದಲ್ಲಿ ಕುದುರೆ ಮತ್ತು ಒಂದೇ ಕಾಲಾಳು ಉಳಿದಾಗ ಗೆಲುವು ಇದೆಯೇ ಎಂದು ತಿಳಿಯುವುದು ಹೇಗೆ?

ತಾವು ಕೊಟ್ಟಿರುವ ಸ್ಥಿತಿ ಇದು: ಬಿಳಿಯ ರಾಜ ಎ8ರಲ್ಲಿ (ಅಕ್ಷರ ಎಡದಿಂದ ಎಣಿಸಿದ ಉದ್ದಸಾಲು, ಅಂಕೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು), ಕಾಲಾಳು ಎ7ರಲ್ಲಿ, ಕುದುರೆ ಜಿ3ರಲ್ಲಿ, ಕಪ್ಪಿನ ಕಡೆ ಉಳಿದಿರುವುದು ಸಿ7ರಲ್ಲಿರುವ ರಾಜನೊಬ್ಬನೇ, ಆಡುವ ಸರದಿ ಬಿಳಿಯದು. ರಾಣಿಯಾಗಲು ಒಂದೇ ಹೆಜ್ಜೆ ಬಾಕಿಯಿರುವಾಗ ಗೆಲುವು ಖಚಿತವಲ್ಲವೇ ಎಂದು ಕೇಳಿದ್ದೀರಿ. ಅಲ್ಲ, ಇದು ಡ್ರಾ. ಕುದುರೆಯನ್ನು ಮಣೆಯ ತುಂಬ ಎಷ್ಟು ಸುತ್ತಿಸಿದರೂ ಡ್ರಾ.

ಕಪ್ಪು ರಾಜ ಸಿ7 ಮತ್ತು ಸಿ8ರ ನಡುವೆ ಓಡಾಡುತ್ತಿರುವಷ್ಟು ಹೊತ್ತು ಬಿಳಿಯ ರಾಜ ತನ್ನದೇ ಕಾಲಾಳಿನ ಮುಂದೆ ಮೂಲೆಯಲ್ಲಿ ಸೆರೆಯಾಗಿರುತ್ತಾನೆ. ಅವನನ್ನು ಬಿಡಿಸಬೇಕಾದರೆ, ಕಪ್ಪು ರಾಜ ಮುಂದೆ ಕಾಲಿಡಬೇಕಾದ ಮನೆಯನ್ನು ಕುದುರೆ ಸರಿಯಾಗಿ ಆ ಹೊತ್ತಿಗೇ ಕಾಯುತ್ತಿರಬೇಕು. ರಾಜ ತಿಳಿಬಣ್ಣದ ಸಿ8ರಲ್ಲಿದ್ದಾಗ ಸಿ7ನ್ನು ಕಾಯಬಲ್ಲ ಕುದುರೆಯೂ ತಿಳಿಬಣ್ಣದ ಮನೆಯಲ್ಲೇ ಇರಬೇಕಾಗುತ್ತದೆ. ಆದರೆ ಕುದುರೆ ಪ್ರತಿ ಜಿಗಿತಕ್ಕೂ ಬಣ್ಣ ಬದಲಿಸುತ್ತದೆ, ರಾಜನೂ ಆ ಎರಡು ಮನೆಗಳ ನಡುವೆ ಪ್ರತಿ ನಡೆಗೂ ಬಣ್ಣ ಬದಲಿಸುತ್ತಾನೆ, ಆದ್ದರಿಂದ ಒಮ್ಮೆ ತಪ್ಪಿದ ತಾಳ ಮತ್ತೆ ಕೂಡುವುದೇ ಇಲ್ಲ. ಒಂಟೆಯಾಗಿದ್ದರೆ ತನ್ನ ಓರೆಸಾಲಿನಲ್ಲೇ ಒಂದು ಮನೆ ಅತ್ತ ಸರಿದು ಸರದಿಯನ್ನು ಎದುರಾಳಿಗೆ ದಾಟಿಸುತ್ತಿತ್ತು. ಕುದುರೆಗೆ ಆ ಸೌಕರ್ಯವಿಲ್ಲ.

ಹಾಗಾಗಿ ಇಲ್ಲಿ ಲೆಕ್ಕ ಹಾಕುವ ಅಗತ್ಯವೇ ಬೀಳುವುದಿಲ್ಲ, ಬಣ್ಣ ನೋಡಿದರೆ ಸಾಕು. ಬಿಳಿಯ ಸರದಿಯಲ್ಲಿ ಕುದುರೆಯೂ ಕಪ್ಪು ರಾಜನೂ ಒಂದೇ ಬಣ್ಣದ ಮನೆಗಳಲ್ಲಿದ್ದರೆ ಡ್ರಾ, ಬೇರೆ ಬೇರೆ ಬಣ್ಣದಲ್ಲಿದ್ದರೆ ಗೆಲುವು. ತಮ್ಮ ಸ್ಥಿತಿಯಲ್ಲಿ ಜಿ3 ಮತ್ತು ಸಿ7 ಎರಡೂ ಗಾಢಬಣ್ಣದವು. ಅದೇ ಕಪ್ಪು ರಾಜ ಸಿ8ರಲ್ಲಿ ಇದ್ದಿದ್ದರೆ ಕುದುರೆ ಇ4ಕ್ಕೆ, ರಾಜ ಸಿ7ಕ್ಕೆ. ಕುದುರೆ ಸಿ3ಕ್ಕೆ, ರಾಜ ಸಿ8ಕ್ಕೆ. ಕುದುರೆ ಡಿ5ಕ್ಕೆ ಬಂದಾಗ ಸಿ7 ಮುಚ್ಚಿಹೋಗಿ, ಕಪ್ಪು ರಾಜ ಡಿ ಸಾಲಿಗೆ ಸರಿಯಲೇಬೇಕಾಗುತ್ತದೆ, ಬಿಳಿಯ ರಾಜ ಬಿ7ಕ್ಕೆ ಹೊರಬರುತ್ತಾನೆ. (ಎರಡನೆಯ ನಡೆಯಲ್ಲೇ ಕುದುರೆಯನ್ನು ಡಿ6ಕ್ಕೆ ಹಾರಿಸಿ ಬಲಿ ಕೊಟ್ಟರೂ ಗೆಲುವೇ, ನೋಡಲು ಅದೇ ಚೆಂದ.)

ಅಂಚಿನ ಕಾಲಾಳಿಗೆ ಇನ್ನೊಂದು ಕೇಡೂ ಇದೆ, ಅದರಲ್ಲಿ ನಾನೇ ಒಮ್ಮೆ ಅರ್ಧ ಅಂಕ ಕಳೆದುಕೊಂಡಿದ್ದೇನೆ. ನನ್ನ ರಾಜ ಇನ್ನೂ ದೂರದಲ್ಲಿದ್ದಾಗಲೇ ಆತುರಪಟ್ಟು ಕಾಲಾಳನ್ನು ಎ7ಕ್ಕೆ ತಳ್ಳಿ, ಬಿ5ರ ಕುದುರೆಯಿಂದ ಅದನ್ನು ಕಾಯಿಸಿದೆ. ಎದುರಾಳಿ ಎ8 ಮತ್ತು ಬಿ7ರ ನಡುವೆ ನೆಮ್ಮದಿಯಾಗಿ ಓಡಾಡಿದ. ನನ್ನ ರಾಜ ಹತ್ತಿರ ಬಂದು ಬಿ7ನ್ನು ಕಸಿದುಕೊಂಡರೆ ಮೂಲೆಯಲ್ಲಿದ್ದವನಿಗೆ ನಡೆಯೇ ಇಲ್ಲದೆ ಸ್ಟೇಲ್‌ಮೇಟ್, ಅಂದರೆ ಡ್ರಾ, ಬಿಟ್ಟರೆ ಅದೇ ಓಡಾಟ. ಕಾಲಾಳು ಎ6ರಲ್ಲೇ ನಿಂತು, ಕುದುರೆ ಸಿ5ರಂತಹ ಹಿಂದಿನ ಮನೆಯಿಂದ ಕಾಯುತ್ತಿದ್ದಿದ್ದರೆ ರಾಜ ಬರುವವರೆಗೆ ಕಾಯಲು ಯಾವ ತೊಂದರೆಯೂ ಇರಲಿಲ್ಲ.

ನಡುವಿನ ಸಾಲುಗಳ ಕಾಲಾಳಾದರೆ ಒಬ್ಬಂಟಿ ರಾಜನೆದುರು ಗೆಲುವು ಬಹುತೇಕ ಸಲೀಸು, ಕುದುರೆ ಹಿಂದಿನಿಂದ ಕಾಯುತ್ತಿದ್ದರೆ ಸಾಕು. ಕಾಲಾಳು ಇ4ರಲ್ಲಿ, ಕುದುರೆ ಸಿ3ರಲ್ಲಿ ಇದೆ ಎನ್ನಿ. ಕಪ್ಪು ರಾಜ ಕುದುರೆಯನ್ನು ಹೊಡೆದರೆ ಆ ಹೊತ್ತಿಗೆ ಕಾಲಾಳು ಓಡಿಬಿಡುತ್ತದೆ, ಅವನಿಗೆ ಹಿಡಿಯಲಾಗುವುದಿಲ್ಲ.

ತಮ್ಮ ಆಟಕ್ಕೆ ಮರಳಿದರೆ, ತಪ್ಪಾದದ್ದು ಕೊನೆಯಲ್ಲಲ್ಲ, ರಾಜನನ್ನು ಎ8ರ ಮೂಲೆಗೆ ಕಳುಹಿಸಿದ ನಡೆಯಲ್ಲಿ. ರಾಜ ಬಿ7ನ್ನು ಹಿಡಿದ ಮೇಲೆ ಕಾಲಾಳು ಎ7ಕ್ಕೆ ಹೋಗಿದ್ದರೆ ಕುದುರೆ ಯಾವ ಬಣ್ಣದ ಮನೆಯಲ್ಲಿದೆ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.