ರಾಗಿ, ಜೋಳ ತಡೆಯುವ ಬಿಸಿಲನ್ನು ಭತ್ತ ಏಕೆ ತಡೆಯುವುದಿಲ್ಲ?

ದ್ಯುತಿಸಂಶ್ಲೇಷಣೆಯ ಮೊದಲ ಹಂತ ಮೂರರಲ್ಲೂ ಒಂದೇ. ಕ್ಲೋರೋಫಿಲ್ ಬೆಳಕು ಹೀರುತ್ತದೆ, ನೀರಿನ ಅಣು ಒಡೆಯುತ್ತದೆ, ಆಮ್ಲಜನಕ ಹೊರಬೀಳುತ್ತದೆ, ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ, ಶಕ್ತಿಯನ್ನು ಹೊತ್ತೊಯ್ಯುವ ಅಣುಗಳು ತಯಾರಾಗುತ್ತವೆ. (ಆ ಆಮ್ಲಜನಕ ಬರುವುದು ನೀರಿನಿಂದ, ಇಂಗಾಲದ ಡೈಆಕ್ಸೈಡ್‌ನಿಂದಲ್ಲ. ಬಹಳ ಮಂದಿ ಎಡವುವುದು ಇಲ್ಲೇ.)

ವ್ಯತ್ಯಾಸ ಇರುವುದು ಸಕ್ಕರೆ ಕಟ್ಟುವ ಹಂತದಲ್ಲಿ. ಭತ್ತದಲ್ಲಿ ರುಬಿಸ್ಕೋ ಎಂಬ ಕಿಣ್ವ ಇಂಗಾಲದ ಡೈಆಕ್ಸೈಡನ್ನು ನೇರವಾಗಿ ಹಿಡಿಯುತ್ತದೆ. ಅದು ಬಲು ನಿಧಾನ, ಸೆಕೆಂಡಿಗೆ ಕೆಲವೇ ಅಣು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅದು ಆಮ್ಲಜನಕವನ್ನೂ ಹಿಡಿದುಬಿಡುತ್ತದೆ. ಬಿಸಿಲೇರಿ, ನೀರು ಉಳಿಸಲು ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿತೆನ್ನಿ: ಒಳಗೆ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ರುಬಿಸ್ಕೋದ ಈ ತಪ್ಪು ಹೆಚ್ಚುತ್ತದೆ, ಕಟ್ಟಿದ ಇಂಗಾಲದಲ್ಲಿ ಒಂದು ಪಾಲು ಮತ್ತೆ ಗಾಳಿಗೆ ಹೋಗುತ್ತದೆ. ಇದೇ ದ್ಯುತಿಉಸಿರಾಟ.

ರಾಗಿ, ಜೋಳ, ಕಬ್ಬು ಇದನ್ನು ಎರಡು ಕೋಣೆಗಳಲ್ಲಿ ಬಗೆಹರಿಸಿವೆ. ಹೊರಗಿನ ಕೋಶಗಳಲ್ಲಿ ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೆ ಕಿಣ್ವವಿದೆ. ಅದು ಆಮ್ಲಜನಕದ ಗೋಜಿಗೇ ಹೋಗದೆ ನಾಲ್ಕು ಇಂಗಾಲದ ಆಮ್ಲದ ತಯಾರಿಗೆ ದಾರಿ ಮಾಡುತ್ತದೆ. ಆ ಆಮ್ಲ ನರಗಳ ಸುತ್ತಲಿನ ಕೋಶಗಳಿಗೆ ಸಾಗಿ, ಅಲ್ಲಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ರುಬಿಸ್ಕೋ ಇರುವುದು ಅಲ್ಲಿ; ಸುತ್ತ ಇಂಗಾಲದ ಡೈಆಕ್ಸೈಡ್ ದಟ್ಟವಾಗಿರುವುದರಿಂದ ಅದು ಆಮ್ಲಜನಕವನ್ನು ಹಿಡಿಯುವುದು ಬಹಳ ಕಡಿಮೆ. ಜೋಳದ ಎಲೆಯನ್ನು ತೆಳುವಾಗಿ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಪ್ರತಿ ನರದ ಸುತ್ತ ಗಾಢ ಹಸಿರು ಉಂಗುರ ಎದ್ದು ಕಾಣುತ್ತದೆ. ಹೀಗಾಗಿ ರಂಧ್ರ ಅರೆ ಮುಚ್ಚಿದರೂ ಕೆಲಸ ನಿಲ್ಲದು.

ಆದರೆ ಇದು ಪುಕ್ಕಟೆಯಲ್ಲ. ಒಂದು ಗ್ಲೂಕೋಸ್‌ಗೆ ಭತ್ತಕ್ಕೆ 18 ಎಟಿಪಿ ಸಾಕಾದರೆ ಇವಕ್ಕೆ ಸುಮಾರು 30 ಬೇಕು. ತಂಪು, ಮೋಡದ ವಾತಾವರಣದಲ್ಲಿ ಈ ಅನುಕೂಲ ಉಳಿಯುವುದಿಲ್ಲ.