ಟ್ರ್ಯಾಕ್ ಫೈಲ್ ನಂಬಿ ಕಾಡಿಗೆ ಇಳಿಯೋರ ಪ್ರಶ್ನೆಗಳು

ಮಳೆಗಾಲ ಮುಗಿದು ಟ್ರೆಕ್ ಸೀಸನ್ ಶುರುವಾದ್ರೆ ಸಾಕು, ಅವೇ ಪ್ರಶ್ನೆಗಳು ಮತ್ತೆ ಬರ್ತವೆ. ಆ್ಯಪ್ ಹಾಕ್ಕೊಳ್ಳೋದು, ಮ್ಯಾಪ್ ಇಳಿಸ್ಕೊಳ್ಳೋದು ಹೇಗೆ ಅಂತೆಲ್ಲ ಇಲ್ಲಿ ಬರೆಯಲ್ಲ, ಅದನ್ನ ಮನೇಲಿ ಕೂತು ನೀವೇ ಕಲೀಬಹುದು.

ಪ್ರಶ್ನೆ: ಕುಮಾರಪರ್ವತಕ್ಕೆ ಜಿಪಿಎಕ್ಸ್ ಫೈಲ್ (ಬೇರೆಯವರು ನಡೆದ ದಾರೀನ ಮ್ಯಾಪ್ ಮೇಲೆ ಗೆರೆಯಾಗಿ ತೋರಿಸೋ ಟ್ರ್ಯಾಕ್ ಫೈಲ್) ಇಳಿಸ್ಕೊಂಡು ಓಸ್ಮ್ಯಾಂಡ್ ಅನ್ನೋ ಮ್ಯಾಪ್ ಆ್ಯಪ್‌ಗೆ ಹಾಕಿದ್ವಿ. ಒಂದು ಕಡೆ ಕಾಲುದಾರಿ ಬಲಕ್ಕೆ ಹೋಗ್ತಿತ್ತು, ಗೆರೆ ಎಡಕ್ಕಿತ್ತು. ಗೆರೆ ನಂಬಿ ಹೋಗಿ ಪೊದೇಲಿ ಸಿಕ್ಕಾಕ್ಕೊಂಡ್ವಿ. ಫೋನ್ ಬಿಟ್ಟು ಗಾರ್ಮಿನ್ ಕಂಪನಿಯ ಜಿಪಿಎಸ್ ಸಾಧನ ತಗೋಬೇಕಾ?

ಫೋನ್ ಸರಿಯಾಗೇ ಇದೆ. ಜನ ತುಳಿದು ಸವೆದ ದಾರಿ ಕಣ್ಣೆದುರೇ ಇರುವಾಗ ಗೆರೆ ಹಿಂದೆ ಯಾಕ್ರೀ ಹೋದ್ರಿ? ಆ ಗೆರೆ ಯಾರೋ ಯಾವಾಗ್ಲೋ ನಡೆದಾಗ ಅವರ ಫೋನ್ ಆಗಾಗ ಗುರುತು ಮಾಡ್ಕೊಂಡ ಚುಕ್ಕಿಗಳನ್ನ ಸೇರಿಸಿ ಎಳೆದಿದ್ದು, ಎರಡು ಚುಕ್ಕಿ ನಡುವೆ ಅವರು ಬಂಡೆ ಸುತ್ತಿ ಹೋಗಿದ್ರೂ ಗೆರೆ ಮಾತ್ರ ಬಂಡೆ ಮೇಲೇ ನೇರ ಹಾಯ್ದಿರುತ್ತೆ. ಅದೂ ಅಲ್ದೆ ಕುಕ್ಕೆಯಿಂದ ಗಿರಿಗದ್ದೆಯ ಭಟ್ಟರ ಮನೆ ತನಕ ಬಹುತೇಕ ದಟ್ಟ ಕಾಡು, ಸ್ಯಾಟಲೈಟ್ ಸಿಗ್ನಲ್ ಮರಕ್ಕೆ, ಗುಡ್ಡಕ್ಕೆ ಬಡಿದು ಸುತ್ತಿ ಬಳಸಿ ಬರುತ್ತೆ, ಬಯಲಲ್ಲಿ 5 ಮೀಟರ್ ಒಳಗೆ ತೋರಿಸೋ ಫೋನ್ ಅಲ್ಲಿ ಸುಲಭವಾಗಿ 20-30 ಮೀಟರ್ ಆಚೀಚೆ ಆಗುತ್ತೆ. ಗೆರೆ ಮಾಡಿದವರ ಫೋನೂ ತಪ್ಪು, ನಿಮ್ಮದೂ ತಪ್ಪು, ಎರಡೂ ಬೇರೆ ಬೇರೆ ಕಡೆಗೆ. ಗಿರಿಗದ್ದೆ ದಾಟಿ ಹುಲ್ಲುಗಾವಲಿಗೆ ಬನ್ನಿ, ಅದೇ ಫೋನ್ ದಾರಿ ಮೇಲೇ ಕರೆಕ್ಟಾಗಿ ಕೂರುತ್ತೆ.

ಕಾಡೊಳಗೆ ಕಣ್ಣು ದಾರಿ ಮೇಲಿರ್ಲಿ. ಕವಲು ಬಂದಾಗ ಜಾಸ್ತಿ ಸವೆದ ದಾರಿ ಹಿಡೀರಿ, ನೂರು ಮೀಟರ್ ಹೋಗಿ ಆಮೇಲೆ ಸ್ಕ್ರೀನ್ ನೋಡಿ. ಗೆರೆಗೂ ನಿಮಗೂ ಅಂತರ ಹಾಗೇ ಇದ್ರೆ ಸಿಗ್ನಲ್ ತಪ್ಪು, ನಡೀತಾ ಇರಿ. ಅಂತರ ಹೆಚ್ಚುತ್ತಾ ಹೋದ್ರೆ ದಾರಿ ತಪ್ಪಿದೀರ, ಬಂದ ದಾರೀಲೇ ಕವಲಿನ ತನಕ ವಾಪಸ್ ಬನ್ನಿ. ಗೆರೆ ಹತ್ರಾನೇ ಇದೆ ಅಂತ ಅಡ್ಡ ನುಗ್ಗಬೇಡಿ, ಜನ ಸಿಕ್ಕಾಕ್ಕೊಳ್ಳೋದೇ ಇಲ್ಲಿ.

ಇನ್ನೊಂದು, ಹೊರಟ ಜಾಗದಿಂದಲೇ ನಿಮ್ಮ ಸ್ವಂತ ಟ್ರ್ಯಾಕ್ ರೆಕಾರ್ಡ್ ಮಾಡಿ. ಶಿಖರಕ್ಕೆ ಮುಂಚೆ ಸಿಗೋ ಶೇಷಪರ್ವತದ ಹತ್ರ ಮಂಜು ಕವಿದು ಹತ್ತು ಹೆಜ್ಜೆ ಮುಂದಿರೋರು ಕಾಣದೇ ಇರುವಾಗ ವಾಪಸ್ ಕರ್ಕೊಂಡು ಬರೋದು ಅದೇ. ಆದ್ರೆ ಫೋನ್ ಸೆಟಿಂಗ್ಸಲ್ಲಿ ಆ ಆ್ಯಪ್‌ಗೆ ಬ್ಯಾಟರಿ ಆಪ್ಟಿಮೈಸೇಶನ್ (ಬ್ಯಾಟರಿ ಉಳಿಸೋಕೆ ಹಿಂದೆ ನಡೀತಿರೋ ಆ್ಯಪ್ ನಿಲ್ಲಿಸೋ ಸೆಟಿಂಗ್) ಆಫ್ ಮಾಡದೇ ಇದ್ರೆ ಸ್ಕ್ರೀನ್ ಆಫ್ ಆಗಿ ಫೋನ್ ಜೇಬಲ್ಲಿರುವಾಗ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳು ರೆಕಾರ್ಡಿಂಗ್ ನಿಲ್ಲಿಸಿಬಿಡ್ತವೆ, ಮೇಲೆ ಹೋಗಿ ತೆಗೆದು ನೋಡಿದ್ರೆ ಭಟ್ಟರ ಮನೆಯಿಂದ ನೀವು ನಿಂತಿರೋ ಜಾಗಕ್ಕೆ ಒಂದೇ ಉದ್ದ ನೇರ ಗೆರೆ ಇರುತ್ತೆ, ಅದರಿಂದ ಏನೂ ಪ್ರಯೋಜನ ಇಲ್ಲ. ಈ ಒಂದು ಸೆಟಿಂಗ್ ದಯವಿಟ್ಟು ಇವತ್ತೇ ನೋಡಿ. ಗಾರ್ಮಿನ್ ಬೇಕಾದ್ರೆ ತಗೊಳ್ಳಿ, ಮಳೇಲಿ ಟಚ್ ಸ್ಕ್ರೀನ್ ಕೈಕೊಟ್ಟಾಗ ಬಟನ್ ಇರೋದು ಕೆಲಸಕ್ಕೆ ಬರುತ್ತೆ, ಎಎ ಸೆಲ್ ಹಾಕೋ ಮಾಡೆಲ್ ಆದ್ರೆ ಇನ್ನೂ ಒಳ್ಳೇದು, ಆದ್ರೆ ತಪ್ಪು ಗೆರೆ ಅದರಲ್ಲೂ ತಪ್ಪೇ.

ಪ್ರಶ್ನೆ: ನೆಟ್‌ವರ್ಕ್ ಇಲ್ದೇ ಜಿಪಿಎಸ್ ನಡೆಯಲ್ವಂತೆ, ಬೂಸ್ಟರ್ ಆ್ಯಪ್ ಹಾಕ್ಕೊಳ್ಳಿ ಅಂದ್ರು ಮೊಬೈಲ್ ಅಂಗಡಿಯವರು.

ಆ ಅಂಗಡಿಗೆ ಮತ್ತೆ ಹೋಗ್ಬೇಡಿ. ಸಿಗ್ನಲ್ ಬರೋದು ಸುಮಾರು 20,200 ಕಿ.ಮೀ. ಮೇಲಿರೋ ಸ್ಯಾಟಲೈಟಿಂದ, ಟವರಿಂದ ಅಲ್ಲ, ಮತ್ತೆ ಯಾವ ಆ್ಯಪ್ಪೂ ಅದನ್ನ ಜೋರು ಮಾಡಕ್ಕಾಗಲ್ಲ. ನೆಟ್‌ವರ್ಕ್ ಇದ್ರೆ ಮೊದಲ ಸಲ ಬೇಗ ಹಿಡಿಯುತ್ತೆ ಅಷ್ಟೇ, ಇಲ್ದಿದ್ರೆ ಬಯಲಲ್ಲಿ ಕೆಲವು ನಿಮಿಷ ಸುಮ್ನೆ ನಿಲ್ಲಿ. ಏರ್‌ಪ್ಲೇನ್ ಮೋಡಲ್ಲಿ ಹಾಕಿ ನಡೀರಿ, ಬ್ಯಾಟರಿ ಉಳಿಯುತ್ತೆ.

ಪ್ರಶ್ನೆ: ಮಂಗಳೂರು ಬೀಚಲ್ಲಿ ಎತ್ತರ ಮೈನಸ್ 80 ಚಿಲ್ಲರೆ ಮೀಟರ್ ತೋರಿಸ್ತು. ಫೋನ್ ಕೆಟ್ಟಿದ್ಯಾ?

ಇಲ್ಲ. ಜಿಪಿಎಸ್ ಎತ್ತರ ಅಳೆಯೋದು ಭೂಮಿಯ ಆಕಾರಕ್ಕೆ ಹತ್ರ ಇರೋ ಹಾಗೆ ಗಣಿತದಲ್ಲಿ ಮಾಡಿದ, ಸ್ವಲ್ಪ ಚಪ್ಪಟೆ ಗೋಳದ ಮೇಲ್ಮೈಯಿಂದ, ನಮ್ಮ ಕಡೆ ನಿಜವಾದ ಸಮುದ್ರಮಟ್ಟ ಅದಕ್ಕಿಂತ ಅಷ್ಟು ಕೆಳಗಿದೆ. ಕೆಲವು ಆ್ಯಪ್ ತಿದ್ದಿ ತೋರಿಸ್ತವೆ, ಕೆಲವು ತಿದ್ದಲ್ಲ.

ಪ್ರಶ್ನೆ: ಫ್ರೆಂಡ್ ಒಂದು ಜಾಗದ ಅಕ್ಷಾಂಶ 12 ಡಿಗ್ರಿ 40 ಮಿನಿಟ್ ಅಂತ ಕಳಿಸಿದ್ರು, ಹಾಕಿದ್ರೆ ಬೇರೆಲ್ಲೋ ತೋರಿಸ್ತು.

12.40 ಅಂತ ಹಾಕಿರ್ತೀರ. ಒಂದು ಡಿಗ್ರಿಗೆ 60 ಮಿನಿಟ್, ಹಾಗಾಗಿ 40 ಮಿನಿಟ್ ಅಂದ್ರೆ 0.667 ಡಿಗ್ರಿ, 12.667 ಅಂತ ಹಾಕ್ಬೇಕಿತ್ತು. ಸುಮಾರು 30 ಕಿ.ಮೀ. ದಕ್ಷಿಣಕ್ಕೆ ಹೋಗಿದೀರ.

ಪ್ರಶ್ನೆ: ನೆಟ್‌ವರ್ಕ್ ಇಲ್ದ ಕಡೆ ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸೋ ಸ್ಯಾಟಲೈಟ್ ಮೆಸೆಂಜರ್ ವಿದೇಶದಿಂದ ತರಿಸ್ಲಾ?

ಬೇಡ. ಸರ್ಕಾರದ ಅನುಮತಿ ಇಲ್ದೇ ಭಾರತದಲ್ಲಿ ಇಟ್ಕೊಂಡ್ರೆ ಕೇಸಾಗುತ್ತೆ, ಏರ್‌ಪೋರ್ಟಲ್ಲೇ ಜನ ಸಿಕ್ಕಿಬಿದ್ದಿದ್ದಾರೆ.

ಪ್ರಶ್ನೆ: ಪರ್ಮಿಟ್ ಸಿಗಲಿಲ್ಲ, ಚೆಕ್‌ಪೋಸ್ಟ್ ತಪ್ಪಿಸಿ ಹೋಗೋ ಟ್ರ್ಯಾಕ್ ಇದ್ರೆ ಕಳಿಸಿ.

ಕಳಿಸಲ್ಲ. ನೀವು ಒಳಗೆ ಹೋಗಿದ್ದು ಎಲ್ಲೂ ಎಂಟ್ರಿ ಆಗಿರಲ್ಲ, ವಾಪಸ್ ಬರದೇ ಇದ್ರೆ ಹುಡುಕೋಕೆ ಎಲ್ಲಿಂದ ಶುರು ಮಾಡ್ಬೇಕು ಅಂತ ಗಾರ್ಡ್‌ಗಳಿಗೂ ಗೊತ್ತಿರಲ್ಲ, ಊರಿನವರಿಗೂ ಗೊತ್ತಿರಲ್ಲ.