ಸಂಪಾದಕರ ಉತ್ತರ: ಕೋಡ್ ಕೊಡಿ, ಚಿತ್ರ ಇಟ್ಟುಕೊಳ್ಳಿ

ಈ ಸಲದ ಪತ್ರ ತೀರ್ಥಹಳ್ಳಿ ತಾಲ್ಲೂಕಿನಿಂದ ಬಂದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟದ ಪತ್ರದ ಸಾರ ಇಷ್ಟು:

“ನಾನು ಗೊಡಾಟ್ 4 ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಒಂದು ಕಂಪ್ಯೂಟರ್ ಆಟ ಮಾಡಿದ್ದೇನೆ. ಚಿತ್ರಗಳೆಲ್ಲ ತಂಗಿಯದು. ಒಂದು ಮಳೆಗಾಲ ಪೂರ್ತಿ ಅಡಿಕೆ ತೋಟವನ್ನು ಕೊಳೆರೋಗದಿಂದ ಉಳಿಸಿಕೊಳ್ಳುವುದೇ ಆಟ. ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ತಯಾರಿಸಬೇಕು, ಮಳೆ ಹೊಳವಾದ ದಿನ ನೋಡಿ ಮರ ಹತ್ತಿ ಅದನ್ನು ಹೊಡೆಯುವ ಕೊನೆಗಾರರನ್ನು ಹೊಂದಿಸಬೇಕು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ₹200ಕ್ಕೆ ಮಾರುವ ಯೋಚನೆ ಇದೆ. ಬೆಂಗಳೂರಿನ ಭಾವ ‘ಕೋಡನ್ನು ಓಪನ್ ಸೋರ್ಸ್ ಮಾಡಿಬಿಡು’ ಎನ್ನುತ್ತಾರೆ. ಅಪ್ಪಯ್ಯ ‘ಎರಡು ವರ್ಷದ ದುಡಿಮೆ ದಾರಿಗೆ ಚೆಲ್ಲೋದಾ’ ಎಂದು ಕೇಳುತ್ತಾರೆ. ಯಾರಾದರೂ ಹೆಸರು ಬದಲಿಸಿ ಮಾರಿದರೆ ನಮ್ಮಂಥವರು ಯಾವ ಕೋರ್ಟಿಗೆ ಹೋಗೋಣ? ಅಲ್ಲದೆ ನನ್ನ ಕೋಡ್ ನಾಲ್ಕು ಜನ ನೋಡುವ ಹಾಗೂ ಇಲ್ಲ.”

ಓಪನ್ ಸೋರ್ಸ್ ಎಂದರೆ ಕೋಡನ್ನು ಯಾರು ಬೇಕಾದರೂ ಓದಲು, ಬದಲಿಸಲು, ಹಂಚಲು ಬಿಟ್ಟುಕೊಡುವುದು. ಅಪ್ಪಯ್ಯನ ಭಯ ಸುಳ್ಳಲ್ಲ. ವುಲ್ಫೈರ್ ಎಂಬ ಪುಟ್ಟ ತಂಡ ‘ಲುಗಾರು’ ಆಟದ ಕೋಡನ್ನು 2010ರಲ್ಲಿ ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನ ಅಡಿ ಬಿಟ್ಟುಕೊಟ್ಟಿತು. ಪುಟ್ಟ ತಂಡಗಳ ಆಟಗಳನ್ನು ಒಟ್ಟು ಕಟ್ಟಿ ಮಾರಿದ ಮೊದಲ ‘ಹಂಬಲ್ ಇಂಡಿ ಬಂಡಲ್’ನ ಗಳಿಕೆ ಹತ್ತು ಲಕ್ಷ ಡಾಲರ್ ದಾಟಿದ ಖುಷಿಗೆ ಕೊಟ್ಟದ್ದು ಅದು. ಮರುವರ್ಷವೇ ಯಾವುದೋ ಕಂಪನಿ ಅದೇ ಆಟವನ್ನು ಮ್ಯಾಕ್ ಆಪ್ ಸ್ಟೋರಿನಲ್ಲಿ ಇಟ್ಟಿತು. ಮಾಡಿದವರು 9.99 ಡಾಲರಿಗೆ ಮಾರುತ್ತಿದ್ದರೆ ಎತ್ತಿಕೊಂಡವರ ಬೆಲೆ 1.99. ದೂರು ಹೋದ ಮೇಲೂ ಅದು ಅಂಗಡಿಯಿಂದ ಒಡನೆ ಇಳಿಯಲಿಲ್ಲ. ಹಾಗೆಯೇ, ನಿಮ್ಮದು ಹತ್ತು ಜನ ಆನ್‌ಲೈನಿನಲ್ಲಿ ಪೈಪೋಟಿಗೆ ಬಿದ್ದು ಆಡುವ ಆಟವಾಗಿದ್ದರೆ, ಕೋಡ್ ಓದಿಕೊಂಡು ಮೋಸ ಮಾಡುವವರಿಗೆ ಕೆಲಸ ಸಲೀಸಾಗುತ್ತಿತ್ತು. ಅದೂ ನಿಜ.

ಅಪ್ಪಯ್ಯನಿಗೆ ಸಲ್ಲಬೇಕಾದ್ದು ಸಂದಿತು. ಇನ್ನು ಭಾವನ ಪಕ್ಷ, ಅದೇ ನನ್ನ ಪಕ್ಷವೂ.

ಲುಗಾರು ಪ್ರಕರಣವನ್ನೇ ಇನ್ನೊಮ್ಮೆ ನೋಡಿ. ಜಿಪಿಎಲ್ ಬಂದದ್ದು ಕೋಡಿಗೆ ಮಾತ್ರ. ಚಿತ್ರ, ಹಂತ, ಸದ್ದು ಯಾವುದನ್ನೂ ಮಾರಾಟಕ್ಕೆ ಬಿಟ್ಟುಕೊಟ್ಟಿರಲಿಲ್ಲ. ಕಳ್ಳತನ ನಡೆದದ್ದು ಅಲ್ಲಿ, ಮತ್ತು ಆ ಕಳ್ಳತನಕ್ಕೆ ಕೋಡ್ ಬೇಕೆಂದೇನೂ ಇಲ್ಲ. ನಿಮ್ಮ ಆಟವನ್ನೇ ತೆಗೆದುಕೊಳ್ಳಿ. ಗೊಡಾಟ್ ಆಟವನ್ನು ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಹಂಚಲು ಸಿದ್ಧ ಮಾಡುವಾಗ, ಸ್ಕ್ರಿಪ್ಟು (ನೀವು ಬರೆದ ಕೋಡ್), ಚಿತ್ರ ಎಲ್ಲವನ್ನೂ ಒಂದು ಪಿಸಿಕೆ ಫೈಲಿನಲ್ಲಿ ತುಂಬುತ್ತದೆ. ಅದನ್ನು ಬಿಚ್ಚುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. 4.0ರಿಂದ 4.2ರವರೆಗಿನ ಆವೃತ್ತಿಗಳಲ್ಲಂತೂ ಸ್ಕ್ರಿಪ್ಟುಗಳು ನೀವು ಬರೆದ ಪಠ್ಯವಾಗಿಯೇ, ಕಾಮೆಂಟಿನ ಸಮೇತ ಒಳಗೆ ಕೂತಿರುತ್ತಿದ್ದವು. 4.3ರಿಂದ ಬೈನರಿ ರೂಪ ಬಂದಿದೆ, ಅದನ್ನೂ ಹಿಂದಕ್ಕೆ ತಿರುಗಿಸಬಹುದು. ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುತ್ತೇನೆ ಎಂದರೆ ಆಟವನ್ನು ಓಡಿಸುವ ಎಂಜಿನ್ ಭಾಗವನ್ನು (ಎಕ್ಸ್‌ಪೋರ್ಟ್ ಟೆಂಪ್ಲೇಟು) ನೀವೇ ಕಂಪೈಲ್ ಮಾಡಬೇಕು. ಅಷ್ಟೆಲ್ಲ ಮಾಡಿದರೂ ಕೀಲಿ ಆಟದೊಳಗೇ ಇರುತ್ತದೆ, ಇಲ್ಲದಿದ್ದರೆ ಆಟ ತೆರೆಯುವುದು ಹೇಗೆ? ಅಂದಮೇಲೆ ಕೋಡ್ ಮುಚ್ಚಿಟ್ಟರೆ ಕದಿಯಬೇಕೆಂದು ಹೊರಟವನಿಗೆ ಒಂದು ಸಂಜೆಯ ತಡ, ಅಷ್ಟೇ. ಪ್ರಾಮಾಣಿಕವಾಗಿ ಕಲಿಯಲು ಬಂದವನಿಗೆ ಮಾತ್ರ ಬಾಗಿಲು ಪೂರ್ತಿ ಬಂದ್.

ಸ್ಟೀಮ್ ₹200ರಲ್ಲಿ ತೆರಿಗೆ ಕಳೆದು ಉಳಿದದ್ದರ ಶೇಕಡಾ 30 ಹಿಡಿಯುತ್ತದೆ, ಆಟ ಇಡುವ ಮೊದಲು 100 ಡಾಲರ್ ಕಟ್ಟಿಸಿಕೊಳ್ಳುತ್ತದೆ, ಆಟ 1,000 ಡಾಲರ್ ದುಡಿದ ಮೇಲಷ್ಟೇ ಅದು ವಾಪಸ್. ಅಪ್ಪಯ್ಯ ಇದನ್ನು ದಾರಿಗೆ ಚೆಲ್ಲುವುದು ಎನ್ನಲಿಲ್ಲ, ನೋಡಿ! ನಿಮ್ಮ ಆಟವನ್ನು ಕದಿಯುವವರು ಬರುವ ಮೊದಲು ಆಡುವವರು ಬರಬೇಕಲ್ಲ ಮಾರಾಯರೇ.

ಕೋಡ್ ತೆರೆದಿಟ್ಟೂ ಮಾರುತ್ತಿರುವವರು ಇದ್ದಾರೆ. ‘ಮಿಂಡಸ್ಟ್ರಿ’ ಪೂರ್ತಿ ಜಿಪಿಎಲ್ 3. ಬೇರೆ ಕಡೆ ಪುಕ್ಕಟೆ ಸಿಗುವ ಆ ಆಟವನ್ನೇ ಸ್ಟೀಮ್‌ನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ತಾನೇ ಅಪ್‌ಡೇಟ್ ಆಗುತ್ತದೆ, ಸ್ನೇಹಿತರ ಜೊತೆ ಆಡುವುದು ಸುಲಭ, ಮಾಡಿದವನಿಗೆ ನಾಲ್ಕು ಕಾಸು ಹೋಗಲಿ ಎಂಬ ಮನಸ್ಸೂ ಇರುತ್ತದೆ. ‘ಪಿಕ್ಸೆಲ್ ಡಂಜನ್’ ಮಾಡಿದಾತ 2014ರಲ್ಲಿ ಕೋಡ್ ಬಿಟ್ಟುಕೊಟ್ಟ. ಅದೇ ವರ್ಷ ಅದರ ಮೇಲೆ ಕಟ್ಟತೊಡಗಿದ ‘ಶ್ಯಾಟರ್ಡ್ ಪಿಕ್ಸೆಲ್ ಡಂಜನ್’ ಇಂದಿಗೂ ಬೆಳೆಯುತ್ತಿದೆ, 2022ರಿಂದ ಸ್ಟೀಮ್‌ನಲ್ಲಿ ಮಾರಾಟಕ್ಕೂ ಇದೆ, ಕೋಡೂ ತೆರೆದೇ ಇದೆ. ಮೂಲ ಆಟ ಬೆಳೆಯುವುದು ನಿಂತುಹೋಯಿತು, ಅದರ ಮೇಲೆ ಕಟ್ಟಿದ್ದು ನಿಲ್ಲಲಿಲ್ಲ.

ಕೋಡ್ ಚೆನ್ನಾಗಿಲ್ಲ ಎಂಬ ನಿಮ್ಮ ನಾಚಿಕೆಗೆ ಒಂದು ಮದ್ದಿದೆ. 2010ರ ‘ವಿವಿವಿವಿವಿವಿ’ ಎಂಬ ಹೆಸರಾಂತ ಆಟದ ಕೋಡನ್ನು ಟೆರ್ರಿ ಕ್ಯಾವನಾ ಹತ್ತನೇ ವರ್ಷಕ್ಕೆ, 2020ರ ಜನವರಿಯಲ್ಲಿ ಹೊರಬಿಟ್ಟರು. ತೆರೆದು ನೋಡಿದರೆ ‘ಹೀಗಾದರೆ ಇದನ್ನು ಮಾಡು’ ಎಂಬ ನೂರಾರು ಕೇಸುಗಳಿರುವ ಒಂದೇ ಒಂದು ದೈತ್ಯ ಸ್ವಿಚ್! ಪ್ರೋಗ್ರಾಮರುಗಳು ನಕ್ಕರು, ನಕ್ಕವರೇ ಕೂತು ರಿಪೇರಿ ಮಾಡಿದರು. 2024ರಲ್ಲಿ ಬಂದ 2.4ನೇ ಆವೃತ್ತಿಯಲ್ಲಿ ಆಟ ಹಲವು ಭಾಷೆಗಳಿಗೆ ಹೋಯಿತು. ಅದರ ಲೈಸೆನ್ಸ್ ಮಾರಾಟಕ್ಕೆ ಅನುಮತಿ ಕೊಡದ್ದು, ಕಟ್ಟುನಿಟ್ಟಾಗಿ ಹೇಳಿದರೆ ಓಪನ್ ಸೋರ್ಸ್ ಅಲ್ಲ. ಆದರೂ ಕೋಡ್ ಕಾಣಿಸಿದ್ದಕ್ಕೇ ಇಷ್ಟಾಯಿತು. ‘ಸೆಲೆಸ್ಟ್’ ತಂಡ ತಮ್ಮ ನಾಯಕಿ ಓಡುವ, ಹಾರುವ ಒಂದೇ ಫೈಲನ್ನು ಹೊರಗಿಟ್ಟಿತು. ಐದು ಸಾವಿರ ಸಾಲು ಮೀರಿದ ಆ ಫೈಲನ್ನು ನೋಡಿ ಜಿಗಿತದ ಹದ ಕಲಿತವರು ಎಷ್ಟೋ ಮಂದಿ. ನಿಮ್ಮ ಕೋಡ್ ಇವಕ್ಕಿಂತ ಕೆಟ್ಟದಾಗಿರಲು ನೀವು ವಿಶೇಷ ಶ್ರಮ ಪಡಬೇಕಾದೀತು.

ಲೈಸೆನ್ಸಿನ ವಿಷಯ. ಎಂಐಟಿ ಎಂಬ ಲೈಸೆನ್ಸ್ ಹಾಕಿದರೆ ಯಾರು ಬೇಕಾದರೂ ನಿಮ್ಮ ಕೋಡ್ ಒಯ್ದು ತಮ್ಮ ಬದಲಾವಣೆಯನ್ನು ಮುಚ್ಚಿಟ್ಟುಕೊಳ್ಳಬಹುದು. ಜಿಪಿಎಲ್ 3 ಹಾಕಿದರೆ ಒಯ್ದು ಹಂಚಿದವನೂ ತನ್ನದನ್ನು ತೆರೆದಿಡಬೇಕು. ನಿಮ್ಮ ಮನೆಯ ಚರ್ಚೆಗೆ ಎರಡನೆಯದೇ ಹೊಂದುತ್ತದೆ. ಆದರೆ ಒಂದು ತೊಡಕಿದೆ. ಸ್ಟೀಮ್‌ನ ಸೌಲಭ್ಯಗಳಿಗೆ ಆಟವನ್ನು ಜೋಡಿಸುವ ಸ್ಟೀಮ್‌ವರ್ಕ್ಸ್ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಮುಚ್ಚಿದ ಸರಕು, ಎಲ್ಲ ತೆರೆದಿಡಿ ಎನ್ನುವ ಜಿಪಿಎಲ್‌ಗೆ ಅದು ಹೊಂದುವುದಿಲ್ಲ. ಕೋಡ್ ಪೂರ್ತಿ ನಿಮ್ಮದೇ ಆಗಿರುವಷ್ಟು ದಿನ ಅದರ ಜೊತೆ ಬೆಸೆದು ಮಾರಲು ಯಾರ ಅಪ್ಪಣೆಯೂ ಬೇಡ. ಹೊರಗಿನ ಒಬ್ಬನ ಹತ್ತು ಸಾಲು ಒಳಗೆ ಬಂತೋ, ಅವನ ಒಪ್ಪಿಗೆಯೂ ಬೇಕು. ವಿಎಲ್‌ಸಿ ಪ್ಲೇಯರ್ 2011ರ ಜನವರಿಯಲ್ಲಿ ಆಪಲ್ ಅಂಗಡಿಯಿಂದ ಇಳಿದದ್ದು ಇಂಥದ್ದೇ ಕಾರಣಕ್ಕೆ, ಅದನ್ನು ಬರೆದವರಲ್ಲೇ ಒಬ್ಬರು ಜಿಪಿಎಲ್ ಹಿಡಿದು ತಕರಾರು ಎತ್ತಿದ್ದರು. ಆದ್ದರಿಂದ ಮೊದಲ ದಿನವೇ ಜಿಪಿಎಲ್‌ನ 7ನೇ ಕಲಮಿನ ಹೆಚ್ಚುವರಿ ಅನುಮತಿ ಬಳಸಿ ‘ಸ್ಟೀಮ್‌ವರ್ಕ್ಸ್ ಜೊತೆ ಬೆಸೆಯಬಹುದು’ ಎಂದು ಬರೆದಿಡಿ. ಚಿತ್ರ, ಸಂಗೀತ, ಆಟದ ಹೆಸರು, ಲಾಂಛನ ಇವಕ್ಕೆ ಬೇರೆಯೇ ಫೈಲ್: ‘ಎಲ್ಲ ಹಕ್ಕು ಕಾಯ್ದಿರಿಸಿದೆ’. ಗೊಡಾಟ್ ನಿಮ್ಮಿಂದ ಕೇಳುವುದು ಅದರ ಎಂಐಟಿ ಲೈಸೆನ್ಸಿನ ಪಠ್ಯವನ್ನು ಆಟದ ಜೊತೆ ಕೊಡಿ ಎಂಬುದೊಂದೇ, ಅದನ್ನೂ ಮರೆಯುವವರಿದ್ದಾರೆ. ಕ್ರೆಡಿಟ್ಸ್ ಪರದೆಗೆ ಹಾಕಿಬಿಡಿ.

ಹೊರಗಿಡುವ ಮೊದಲು ಮನೆ ಗುಡಿಸಬೇಕು, ಎಡವುವುದು ಇಲ್ಲೇ ಹೆಚ್ಚು. ಆಂಡ್ರಾಯ್ಡ್‌ಗೂ ತರುವುದಾದರೆ ಆಪ್ ನಿಮ್ಮದೇ ಎಂದು ರುಜು ಹಾಕುವ ಕೀಸ್ಟೋರ್ ಫೈಲು, ಅದರ ಪಾಸ್‌ವರ್ಡು ಯಾವ ಕಾರಣಕ್ಕೂ ಹೊರಗೆ ಹೋಗಬಾರದು. ಗೊಡಾಟ್‌ನ ಹಳೆಯ ಆವೃತ್ತಿಗಳಲ್ಲಿ ಆ ಪಾಸ್‌ವರ್ಡ್ ಎಕ್ಸ್‌ಪೋರ್ಟ್ ಪ್ರಿಸೆಟ್ ಎಂಬ ಸೆಟ್ಟಿಂಗಿನ ಫೈಲಿನಲ್ಲಿ ಬರಿಗಣ್ಣಿಗೆ ಕಾಣುವಂತೆ ಇರುತ್ತಿತ್ತು. ಈಗ ಅಳಿಸಿದೆ ಎಂದು ನೆಮ್ಮದಿ ಪಡಬೇಡಿ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಹಳೆಯದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಗುಟ್ಟು ಹುಡುಕುವ ಗಿಟ್‌ಲೀಕ್ಸ್ ಓಡಿಸಿ ಇತಿಹಾಸ ಜಾಲಾಡಿ, ಸಿಕ್ಕಿದ್ದನ್ನು ಇತಿಹಾಸ ತಿದ್ದುವ ಫಿಲ್ಟರ್-ರೆಪೊ ಎಂಬ ಉಪಕರಣದಿಂದ ತೆಗೆಯಿರಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಇಂದಿನ ಸ್ಥಿತಿಯನ್ನಷ್ಟೇ ಹೊಸ ರೆಪೊಗೆ (ಗಿಟ್‌ನ ಕೋಡ್ ಕಣಜಕ್ಕೆ) ಹಾಕಿ. ದುಡ್ಡು ಕೊಟ್ಟು ತಂದ ಸದ್ದು, ಚಿತ್ರ ಇದ್ದರೆ ಅವುಗಳನ್ನು ಹಂಚುವ ಹಕ್ಕು ನಿಮಗಿರುವುದಿಲ್ಲ. 1997ರ ಡಿಸೆಂಬರಿನಲ್ಲಿ ‘ಡೂಮ್’ ಆಟದ ಕೋಡ್ ಹೊರಬಂದಾಗ ಡಾಸ್ ಆವೃತ್ತಿಯ ಬದಲು ಲಿನಕ್ಸ್ ಆವೃತ್ತಿ ಬಂದದ್ದು ಏಕೆಂದರೆ, ಡಾಸ್‌ನ ಸದ್ದಿನ ಲೈಬ್ರರಿ ಹೊರಗಿನವರಿಂದ ತಂದದ್ದಾಗಿತ್ತು. ಆ ಆಟದ ಚಿತ್ರ, ಹಂತಗಳು ಮಾತ್ರ ಇವತ್ತಿಗೂ ಮಾರಾಟದ ಸರಕೇ.

ಚಿತ್ರಗಳನ್ನು ರೆಪೊದಿಂದ ಹೊರಗಿಟ್ಟರೆ ಇನ್ನೊಂದು ಲಾಭವಿದೆ. ಕೋಡ್ ಇಡುವ ಜಾಲತಾಣ ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ಒಳಗೆ ಬಿಡುವುದಿಲ್ಲ, ಮತ್ತು ಆಗುಂಬೆ ಕಡೆಯ ನೆಟ್‌ವರ್ಕಿನಲ್ಲಿ ನೂರಾರು ಎಂಬಿ ಇಳಿಸಿಕೊಳ್ಳುವವನ ಪಾಡು ನಿಮಗೆ ಹೇಳಬೇಕಿಲ್ಲ. ಆದರೆ ಅವುಗಳ ಜಾಗದಲ್ಲಿ ಅದೇ ಹೆಸರಿನ, ಅದೇ ಅಳತೆಯ ಬೋಳು ಚಿತ್ರಗಳನ್ನು ಇಡಿ, ಇಲ್ಲದಿದ್ದರೆ ಕೋಡ್ ಇಳಿಸಿಕೊಂಡವನಿಗೆ ಸಿಗುವುದು ಸಾಲುಸಾಲು ಎರರ್ ಮಾತ್ರ. ಗೊಡಾಟ್‌ನ ಆವೃತ್ತಿ ಸಂಖ್ಯೆಯನ್ನು ರೀಡ್‌ಮಿಯಲ್ಲಿ (ಕೋಡಿನ ಜೊತೆ ಇಡುವ ಪರಿಚಯದ ಫೈಲಿನಲ್ಲಿ) ಪೂರ್ತಿ ಬರೆಯಿರಿ, ಬರೀ ‘4’ ಎಂದರೆ ಸಾಲದು. ಕೊನೆಗೆ ಗೊಡಾಟನ್ನೇ ಕಾಣದ ಬೇರೊಂದು ಕಂಪ್ಯೂಟರಿನಲ್ಲಿ, ರೀಡ್‌ಮಿಯೊಂದನ್ನೇ ಓದಿಕೊಂಡು ಆಟ ಎಬ್ಬಿಸಿ ನೋಡಿ.

ನಿಮ್ಮ ಪತ್ರದ ಜೊತೆಗಿದ್ದ ಪರದೆಯ ಚಿತ್ರದಲ್ಲಿ ಆಳು ಮೈಲುತುತ್ತದ ನೀರಿಗೆ ಸುಣ್ಣದ ನೀರು ಹೊಯ್ಯುತ್ತಿದ್ದಾನೆ. ತಿರುಗಾಮುರುಗಾ ಆಗಿದೆ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ತಿರುವುತ್ತಾ ಹೊಯ್ಯಬೇಕು. ಹೊಳೆಯುವ ಚಾಕು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಇಂಥ ಅಳತೆ, ಕ್ರಮಗಳನ್ನು ಕೋಡಿನೊಳಗೆ ಹೂಳದೆ ಸಿಎಸ್‌ವಿ ಎಂಬ ಸರಳ ಪಟ್ಟಿಯ ಒಂದು ಫೈಲಿನಲ್ಲಿಡಿ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ತೋಟದವರೂ ಆಗ ತಿದ್ದಿ ಕಳಿಸಬಹುದು. ಆಟದ ಮಾತುಗಳನ್ನು ಅನುವಾದಕ್ಕೆಂದೇ ಇರುವ ಪಿಒ ಫೈಲಿನಲ್ಲಿಟ್ಟರೆ ತುಳುವಿಗೋ ಕೊಂಕಣಿಗೋ ತರುವವರೂ ಸಿಕ್ಕಾರು.

ಕನ್ನಡದ ಮಾತು ಬಂತು, ಇದನ್ನು ಹೇಳದೆ ಬಿಡಲಾರೆ. ಗೊಡಾಟ್ 3ರಲ್ಲಿ ‘ತೀರ್ಥಹಳ್ಳಿ’ ಎಂದು ಟೈಪಿಸಿದರೆ ಪರದೆಯ ಮೇಲೆ ‘ತೀರ್‌ಥಹಳ್‌ಳಿ’ ಎಂಬಂಥದ್ದು ಬೀಳುತ್ತಿತ್ತು. ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ ಎಂಜಿನ್‌ಗೆ ಒತ್ತು, ಅರ್ಕಾವತ್ತು ಯಾವುದರ ಗೊಡವೆಯೂ ಇರಲಿಲ್ಲ. 2023ರಲ್ಲಿ ಬಂದ ನಾಲ್ಕನೇ ಆವೃತ್ತಿಗೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಸೇರಿತು, ಒತ್ತುಗಳು ಜಾಗಕ್ಕೆ ಬಂದವು. ಹಾರ್ಫ್‌ಬಜ್ ಓಪನ್ ಸೋರ್ಸ್, ಗೊಡಾಟ್ ಓಪನ್ ಸೋರ್ಸ್, ನೀವು ಬಳಸುತ್ತಿರುವ ನೋಟೊ ಕನ್ನಡ ಫಾಂಟೂ ಓಪನ್ ಫಾಂಟ್ ಲೈಸೆನ್ಸಿನದು. ಅಂದರೆ ನಿಮ್ಮ ಆಟ ಕನ್ನಡ ಮಾತಾಡುತ್ತಿರುವುದೇ ಯಾರೋ ಬಿಟ್ಟುಕೊಟ್ಟ ಕೋಡಿನಿಂದ. ಗಾತ್ರ ಇಳಿಸಲೆಂದು ಹಾರ್ಫ್‌ಬಜ್ ಇಲ್ಲದ ಫಾಲ್‌ಬ್ಯಾಕ್ ಟೆಕ್ಸ್ಟ್ ಸರ್ವರ್ ಹಾಕಿ ಎಂಜಿನ್ ಕಟ್ಟಿಕೊಂಡರೆ ಒತ್ತು ಮತ್ತೆ ಒಡೆಯುತ್ತದೆ, ಆ ಆಸೆ ಬೇಡ.

ಆಟ ಬಾಳುವ ಪ್ರಶ್ನೆಯೂ ಇದೆ. ಪ್ಲೇ ಸ್ಟೋರ್ 2019ರಲ್ಲಿ 64-ಬಿಟ್ ಕೇಳಿತು, 2025ರ ಆಗಸ್ಟ್ 31ರಿಂದ ಹೊಸ ಆಪ್, ಅಪ್‌ಡೇಟ್‌ಗಳೆಲ್ಲ ಆಂಡ್ರಾಯ್ಡ್ 15ಕ್ಕೆ ಗುರಿಯಿಡಬೇಕು ಎಂದಿತು. ತೀರಾ ಹಿಂದುಳಿದ ಆಪ್‌ಗಳು ಹೊಸ ಫೋನಿನವರಿಗೆ ಅಂಗಡಿಯಲ್ಲೇ ಕಾಣುವುದಿಲ್ಲ. ನಿಮಗೆ ಬೇರೆ ಕೆಲಸ ಸಿಕ್ಕಿತು, ಮದುವೆಯಾಯಿತು, ಲ್ಯಾಪ್‌ಟಾಪ್ ಕೆಟ್ಟಿತು ಅನ್ನಿ, ಮುಂದೆ ಅದನ್ನು ಕಟ್ಟುವವರು ಯಾರು? ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಬರೆದವರು ತೀರಿಕೊಂಡ ಮೇಲೂ 60 ವರ್ಷ ಬೀಗ ಹಾಕಿಡುತ್ತದೆ. ಯಾವ ಯಂತ್ರದಲ್ಲೂ ಓಡದ ಆಟಕ್ಕೆ ಅಷ್ಟು ದಿನದ ಕಾವಲು! ಅಪ್ಪೆಮಿಡಿಯ ಕುಡಿ ಕೇಳಿಕೊಂಡು ಬಂದವರನ್ನು ಮಲೆನಾಡಿನಲ್ಲಿ ಬರಿಗೈಲಿ ಕಳಿಸುವವರು ಕಡಿಮೆ. ಹಾಗೆ ಕೊಟ್ಟದ್ದರಿಂದ ಯಾರ ಮನೆಯ ಉಪ್ಪಿನಕಾಯಿ ವ್ಯಾಪಾರವೂ ಮುಳುಗಿಲ್ಲ. ಹೊಳೆದಂಡೆಯ ಮೂಲ ಮರ ಬಿದ್ದಮೇಲೂ ತಳಿ ಉಳಿದದ್ದು ಕಸಿ ಕಟ್ಟಿಕೊಂಡವರ ಹಿತ್ತಲಿನಲ್ಲಿ.

ಈ ಬುದ್ಧಿ ನಮ್ಮ ಕಾಲೇಜುಗಳಿಗೆ ಏಕೆ ಬರಲಿಲ್ಲವೋ. ಪ್ರತಿವರ್ಷ ಕೊನೆಯ ವರ್ಷದ ಇಂಜಿನಿಯರಿಂಗ್ ಮಕ್ಕಳು ತಿಂಗಳುಗಟ್ಟಲೆ ನಿದ್ದೆಗೆಟ್ಟು ಪ್ರಾಜೆಕ್ಟ್ ಮಾಡುತ್ತಾರೆ. ಅಡಿಕೆ ವಿಂಗಡಿಸುವ ಕ್ಯಾಮೆರಾ, ಎಲೆಯ ಚಿತ್ರ ನೋಡಿ ರೋಗ ಹೇಳುವ ಆಪ್, ಕನ್ನಡ ಕೈಬರಹ ಓದುವ ಪ್ರೋಗ್ರಾಮ್. ವರದಿಗೆ ರಟ್ಟು ಹಾಕಿಸಿ, ಚಿನ್ನದ ಅಕ್ಷರ ಒತ್ತಿಸಿ, ಪರೀಕ್ಷಕರ ರುಜು ಹಾಕಿಸಿಕೊಂಡು ಗ್ರಂಥಾಲಯದ ಬೀರುವಿಗೆ ಸೇರಿಸುತ್ತಾರೆ. ಕೋಡ್? ವರದಿಯ ಕೊನೆಗೆ ಹತ್ತು ಪುಟ ಪ್ರಿಂಟು, ಉಳಿದದ್ದು ಯಾರದೋ ಪೆನ್‌ಡ್ರೈವಿನಲ್ಲಿ. ಮುಂದಿನ ವರ್ಷದ ಹುಡುಗರು ಅದೇ ಎಲೆಯ ಆಪನ್ನು ಮತ್ತೆ ಮೊದಲಿನಿಂದ ಬರೆಯುತ್ತಾರೆ. ಸರ್ಕಾರದ ದುಡ್ಡಿನಲ್ಲಿ ಆಗುವ ಕನ್ನಡ ತಂತ್ರಾಂಶಗಳ ಕತೆ ಇದಕ್ಕಿಂತ ಮೇಲು ಎನ್ನಲು ನಾಲಿಗೆ ಏಳುವುದಿಲ್ಲ. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಫೋಟೊ ಅಚ್ಚಾಗುತ್ತದೆ, ಆ ಮೇಲೆ ಸೋರ್ಸ್ ಎಲ್ಲಿ ಎಂದು ಕೇಳಿದರೆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಮನೆಯಲ್ಲಿ ಕೂತು ಆಟ ಮಾಡಿದ ನಿಮಗೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಯಾದರೂ ಹುಟ್ಟಿತು. ಜನರ ತೆರಿಗೆ ತಿಂದವರಿಗೆ ಅದೂ ಹುಟ್ಟಿಲ್ಲ.

ಇರಲಿ. ನಿಮ್ಮ ಜೊತೆ ಸಣ್ಣದೊಂದು ಜಗಳ ಬಾಕಿ ಇದೆ. ಚಿತ್ರಗಳೆಲ್ಲ ತಂಗಿಯದು ಎಂದು ಒಂದು ಸಾಲು ಬರೆದು, ಉಳಿದ ನಾಲ್ಕು ಪುಟ ‘ನನ್ನ ಆಟ’, ‘ನನ್ನ ಕೋಡ್’ ಎನ್ನುತ್ತಾ ಹೋಗಿದ್ದೀರಿ. ಭಾವ ಏನೆಂದರು, ಅಪ್ಪಯ್ಯ ಏನೆಂದರು ಎಂಬುದಿದೆ, ತಂಗಿ ಏನೆಂದರು ಎಂಬುದಿಲ್ಲ. ಬರವಣಿಗೆಯಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಬಿಡಿಸಿದವರೇ ಆ ಚಿತ್ರಗಳ ಹಕ್ಕುದಾರರು. ಅವು ಎಂದು, ಯಾವ ಲೈಸೆನ್ಸಿನಲ್ಲಿ ಹೊರಗೆ ಹೋಗಬೇಕು, ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರು. ಮೊದಲು ಅವರನ್ನು ಕೇಳಿ, ಮಾರಾಟದ ಪಾಲು ಎಷ್ಟೆಂದು ಒಂದು ಕಾಗದದಲ್ಲಿ ಬರೆದು ಇಬ್ಬರೂ ರುಜು ಹಾಕಿ. ಗಿಟ್‌ಹಬ್ ಖಾತೆ ತೆರೆಯುವ ಕೆಲಸ ಅದಾದ ಮೇಲೆ.